ಚೌಕಕ್ಕೆ ಒಗ್ಗದ ಹೆಸರುಗಳು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಗೆ ಗೂಗಲ್ ಎಂಬ ಊರಿದೆ. ಅಲ್ಲಮಪ್ರಭುವಿನ ಗುಡಿಯಿಂದಾಗಿ ಸುತ್ತಲಿನ ಸೀಮೆಯವರಿಗೆ ಗೊತ್ತಿರುವ ಊರು. ಅಮೆರಿಕದಲ್ಲಿ ಅದೇ ಉಚ್ಚಾರದ ಕಂಪನಿಯೊಂದು ಹುಟ್ಟಿದ್ದು 1998ರಲ್ಲಿ. ಆ ಕಂಪನಿಯ ಹೆಸರಿಗೆ ಮೂಲ ‘ಗೂಗೊಲ್’ ಎಂಬ ಸಂಖ್ಯೆ. ಒಂದರ ಮುಂದೆ ನೂರು ಸೊನ್ನೆ ಇಟ್ಟರೆ ಬರುವ ಮೊತ್ತ. ಗಣಿತಜ್ಞ ಎಡ್ವರ್ಡ್ ಕ್ಯಾಸ್ನರ್ ಇಷ್ಟು ದೊಡ್ಡ ಸಂಖ್ಯೆಗೆ ಒಂದು ಹೆಸರು ಹೇಳು ಎಂದು ಕೇಳಿದಾಗ, ಅವರ ಸೋದರಳಿಯ ಮಿಲ್ಟನ್ ಸಿರೊಟಾ ಎಂಬ ಬಾಲಕ ಬಾಯಿಗೆ ಬಂದಂತೆ ಹೇಳಿದ ಪದವದು. ಕ್ಯಾಸ್ನರ್ 1940ರಲ್ಲಿ ಜೇಮ್ಸ್ ನ್ಯೂಮನ್ ಜೊತೆ ಬರೆದ ಪುಸ್ತಕದಿಂದ ಅದು ಜನಪ್ರಿಯವಾಯಿತು. ಕಂಪನಿಯ ಸ್ಥಾಪಕರ ಕೈಯಲ್ಲಿ ಕಾಗುಣಿತ ಬದಲಾಗಿ ಈಗಿನ ರೂಪಕ್ಕೆ ಬಂತು. ಹೀಗೆ ಒಂದು ಮಗುವಿನ ಮಾತೂ ಕೃಷ್ಣೆಯ ದಡದ ಒಂದು ಹಳೆಯ ಊರೂ ಕನ್ನಡ ಬರವಣಿಗೆಯಲ್ಲಿ ಒಂದೇ ಆಗಿ ನಿಂತಿವೆ.

ಇದರಿಂದ ಮನುಷ್ಯರಿಗೇನೂ ತೊಡಕಿಲ್ಲ. ದೇವದುರ್ಗದ ಬಸ್ ನಿಲ್ದಾಣದಲ್ಲಿ ನಿಂತು ಗೂಗಲ್‌ಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರೆ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ತೊಡಕಿರುವುದು ಯಂತ್ರಕ್ಕೆ. ಅದಕ್ಕೆ ಸಂದರ್ಭ ತಿಳಿಯದು. ತಿಳಿಯುವುದು ಚೌಕ ಮತ್ತು ನಿಯಮ ಮಾತ್ರ. ಕಂಪ್ಯೂಟರಿನ ಅರ್ಜಿ ನಮೂನೆಯಲ್ಲಿ ‘ಹೆಸರು’ ಎಂಬ ಚೌಕ ಇರುತ್ತದೆ. ಅದರೊಳಗೆ ಬರೆದದ್ದು ಹೆಸರಿನಂತೆ ಇದೆಯೇ ಇಲ್ಲವೇ ಎಂದು ತಂತ್ರಾಂಶ ತಾಳೆ ನೋಡುತ್ತದೆ. ಇದ್ದರೆ ಮುಂದಕ್ಕೆ, ಇಲ್ಲದಿದ್ದರೆ ಕೆಂಪು ಅಕ್ಷರದಲ್ಲಿ ‘ಅಮಾನ್ಯ’. ಹೆಸರು ಹೇಗಿರಬೇಕು ಎಂಬ ಈ ಅಚ್ಚನ್ನು ಯಾರು ಮಾಡಿದರು, ಅದು ಸರಿಯಾಗಿದೆಯೇ ಎಂದು ಯಾರು ನೋಡಿದರು ಎಂಬ ಪ್ರಶ್ನೆ ತಂತ್ರಾಂಶ ಬರೆಯುವವರಿಗೆ ಇತ್ತೀಚಿನದು. ರಾಯಚೂರು ಸೀಮೆಗೆ ಮಾತ್ರ ಅದು ಬಹಳ ಹಳೆಯದು.

ಎಷ್ಟು ಹಳೆಯದೆಂದರೆ ಮೌರ್ಯರ ಕಾಲದ್ದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ದೇಶದ ಉದ್ದಗಲಕ್ಕೆ ಬಂಡೆ, ಕಂಬಗಳ ಮೇಲೆ ಆಜ್ಞೆ ಬರೆಸಿದ ದೊರೆಯ ಹೆಸರು ‘ದೇವಾನಾಂಪಿಯ ಪಿಯದಸಿ’ ಎಂದು ತಿಳಿಯಿತು. ದೇವರಿಗೆ ಪ್ರಿಯನಾದವನು ಎಂಬುದು ಹೆಸರಲ್ಲ, ಬಿರುದು. ಬಿರುದನ್ನೇ ಹೆಸರೆಂದು ಹಿಡಿದು ತಾಳೆ ನೋಡಿದ ಪ್ರಿನ್ಸೆಪ್‌ಗೆ ಮೊದಲು ಸಿಕ್ಕಿದ್ದು ಸಿಂಹಳದ ದೊರೆ ದೇವಾನಾಂಪಿಯ ತಿಸ್ಸ. ಅಕ್ಷರ ಹೊಂದಿತು, ಆಸಾಮಿ ಬೇರೆ! ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥಗಳ ಆಧಾರದಿಂದ ಈತ ಅಶೋಕನೆಂದು ತಿದ್ದಿದರು. ಆದರೂ ಶಾಸನದಲ್ಲಿಯೇ ಅಶೋಕ ಎಂಬ ಹೆಸರು ಕಾಣಿಸಿರಲಿಲ್ಲ. ಅದು ಕಾಣಿಸಿದ್ದು 1915ರಲ್ಲಿ, ಇದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆಯ ಮೇಲೆ ಬಿರುದೂ ಹೆಸರೂ ಅಕ್ಕಪಕ್ಕದಲ್ಲಿದ್ದವು. ಎರಡು ದಾಖಲೆಗಳಲ್ಲಿ ಎರಡು ಬಗೆಯಾಗಿದ್ದ ವ್ಯಕ್ತಿ ಒಬ್ಬನೇ ಎಂದು ಸಿದ್ಧವಾಗಲು 78 ವರ್ಷ ಬೇಕಾಯಿತು. ಇಂದು ನೋಟರಿಯ ಮುಂದೆ ಛಾಪಾ ಕಾಗದ ಹಿಡಿದು ‘ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ’ ಎಂದು ಪ್ರಮಾಣಪತ್ರ ಮಾಡಿಸುವವರು ಮಸ್ಕಿಯ ಬಂಡೆಯನ್ನು ನೆನೆದು ಸಮಾಧಾನಪಟ್ಟುಕೊಳ್ಳಬಹುದು.

ಹೆಸರಿಗೆ ಅಚ್ಚು ಮಾಡುವ ಕಲೆ ಈ ಸೀಮೆಯಲ್ಲಿ ತನ್ನ ಪೂರ್ಣರೂಪ ಕಂಡದ್ದು ಹರಿದಾಸರಲ್ಲಿ. 18ನೆಯ ಶತಮಾನದ ದಾಸಸಾಹಿತ್ಯದ ದೊಡ್ಡ ಹೆಸರುಗಳೆಲ್ಲ ಒಂದೆರಡು ದಿನದ ನಡಿಗೆಯ ಅಂತರದಲ್ಲಿ ಹುಟ್ಟಿದವು. ವಿಜಯದಾಸರದು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ. ಗೋಪಾಲದಾಸರದು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ‘ಹರಿಕಥಾಮೃತಸಾರ’ದ ಜಗನ್ನಾಥದಾಸರದು ಮಾನ್ವಿ ತಾಲ್ಲೂಕಿನ ಬ್ಯಾಗವಾಟ. ಇವು ಯಾವುವೂ ಅವರಿಗೆ ತಂದೆತಾಯಿ ಇಟ್ಟ ಹೆಸರುಗಳಲ್ಲ. ವಿಜಯದಾಸರು ಮೊದಲು ದಾಸಪ್ಪ, ಗೋಪಾಲದಾಸರು ಭಾಗಣ್ಣ, ಜಗನ್ನಾಥದಾಸರು ಶ್ರೀನಿವಾಸಾಚಾರ್ಯ. ದಾಸದೀಕ್ಷೆಯೊಂದಿಗೆ ಅಂಕಿತ ಬಂತು, ಅಂಕಿತದೊಂದಿಗೆ ಲೋಕ ಕರೆಯುವ ಹೆಸರೂ ಬಂತು.

ಅಂಕಿತವೆಂದರೆ ಪದದ ಕೊನೆಯಲ್ಲಿ ಬರುವ ಮುದ್ರಿಕೆ. ಓಲೆಗರಿಗೆ ಮುಖಪುಟವಿಲ್ಲ, ಹಾಡಿಗೆ ಹಕ್ಕುಸ್ವಾಮ್ಯದ ಪುಟವಿಲ್ಲ. ಬಾಯಿಂದ ಬಾಯಿಗೆ ಹೋಗುವ ಕೃತಿ ಯಾರದೆಂದು ಹೇಳುವ ಒಂದೇ ಗುರುತು ಅದು. ಅದರ ಅಚ್ಚು ಸರಳ: ಮೊದಲಿಗೆ ಬದಲಾಗುವ ಒಂದು ಪದ, ಆಮೇಲೆ ಬದಲಾಗದ ‘ವಿಠಲ’. ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಮೋಹನ ವಿಠಲ, ಜಗನ್ನಾಥ ವಿಠಲ, ಪ್ರಾಣೇಶ ವಿಠಲ. ಕೊನೆಯ ಪದ ಪಂಥವನ್ನು ಹೇಳುತ್ತದೆ, ಮೊದಲ ಪದ ಆಳನ್ನು ಹೇಳುತ್ತದೆ. ಈಗಿನ ತಂತ್ರಾಂಶದವರು ‘ಬಳಕೆದಾರನೇ ನಿರ್ಧರಿಸುವ ನಾಮವಿನ್ಯಾಸ’ ಎಂದು ಕರೆಯುವುದು ಇದನ್ನೇ. ಒಂದು ಸ್ಥಿರ ಭಾಗ, ಒಂದು ಬದಲಾಗುವ ಭಾಗ, ಎರಡನ್ನೂ ಕೂಡಿಸುವ ನಿಯಮ.

ನಿಯಮವಿದ್ದ ಮೇಲೆ ಅದನ್ನು ತಾಳೆ ನೋಡುವವರೂ ಇರಬೇಕಲ್ಲ. ಅಂಕಿತವನ್ನು ತಾವೇ ಇಟ್ಟುಕೊಳ್ಳುವಂತಿರಲಿಲ್ಲ, ಗುರು ಕೊಡಬೇಕು. ವಿಜಯದಾಸರಿಗೆ ಕಾಶಿಯಲ್ಲಿ ಪುರಂದರದಾಸರು ಕನಸಿನಲ್ಲಿ ಬಂದು ಅಂಕಿತವಿತ್ತರೆಂದು ಸಂಪ್ರದಾಯ ಹೇಳುತ್ತದೆ. ಗೋಪಾಲದಾಸರು ತಮ್ಮ ಅಂಕಿತ ಪಡೆದದ್ದು ವಿಜಯದಾಸರಿಂದ. ಶ್ರೀನಿವಾಸಾಚಾರ್ಯರ ಕಥೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತ ವಿದ್ವತ್ತಿನ ಗರ್ವದಲ್ಲಿ ಕನ್ನಡದ ದಾಸರನ್ನು ಕಡೆಗಣಿಸಿ, ಹೊಟ್ಟೆನೋವಿಗೆ ಸಿಕ್ಕಿ, ಗೋಪಾಲದಾಸರ ಕೃಪೆಯಿಂದ ಬದುಕಿದ ಅವರು ಅಂಕಿತ ಕೇಳಿದಾಗ ಪಂಢರಪುರಕ್ಕೆ ಹೋಗು ಎಂಬ ಉತ್ತರ ಸಿಕ್ಕಿತಂತೆ. ಅಲ್ಲಿ ಚಂದ್ರಭಾಗಾ ನದಿಯಲ್ಲಿ ಮುಳುಗಿದವರ ಕೈಗೆ ‘ಜಗನ್ನಾಥ ವಿಠಲ’ ಎಂದು ಬರೆದ ಕಲ್ಲು ಬಂತಂತೆ. ಪವಾಡದ ಭಾಗವನ್ನು ನಂಬುವವರು ನಂಬಲಿ. ಇತಿಹಾಸದ ದೃಷ್ಟಿಯಿಂದ ಮುಖ್ಯವಾದ ಮಾತು, ಹೆಸರಿನ ಸಿಂಧುತ್ವಕ್ಕೆ ಹೊರಗಿನ ಒಂದು ಸಾಕ್ಷಿ ಬೇಕು ಎಂಬ ತಿಳಿವಳಿಕೆ ಆ ಸಮುದಾಯಕ್ಕೆ ಇತ್ತು ಎಂಬುದು.

ಅಂಕಿತಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ನೋಡಿಕೊಂಡ ಬಗೆಯೂ ಜಾಣತನದ್ದು. ಗೋಪಾಲದಾಸರ ತಮ್ಮಂದಿರೂ ದಾಸರಾದರು. ಮನೆಯವರೆಲ್ಲ ‘ಗೋಪಾಲ ವಿಠಲ’ ಎಂದು ಹಾಡಿದರೆ ಯಾವುದು ಯಾರದು? ಆದ್ದರಿಂದ ವರದಗೋಪಾಲ ವಿಠಲ, ಗುರುಗೋಪಾಲ ವಿಠಲ, ತಂದೆಗೋಪಾಲ ವಿಠಲ ಎಂದು ಮುಂದೆ ಒಂದೊಂದು ಪದ ಸೇರಿತು. ಮನೆತನ ಉಳಿಯಿತು, ಗೊಂದಲ ತಪ್ಪಿತು.

ಈಗ ಈ ಅಚ್ಚನ್ನು ಒಂದು ಕಂಪ್ಯೂಟರಿಗೆ ಕೊಟ್ಟರೆ ಏನಾಗುತ್ತದೆ ನೋಡಿ. ‘ವಿಠಲ ಎಂದು ಕೊನೆಗೊಳ್ಳದ ಅಂಕಿತ ಅಮಾನ್ಯ’ ಎಂದು ನಿಯಮ ಬರೆದರೆ ವಿಜಯದಾಸರು ದಾಟುತ್ತಾರೆ, ಗೋಪಾಲದಾಸರು ದಾಟುತ್ತಾರೆ. ಕಾಗಿನೆಲೆಯಾದಿಕೇಶವನೆಂದು ಹಾಡಿದ ಕನಕದಾಸರು ಹೊರಗೆ. ಹಯವದನನೆಂದ ವಾದಿರಾಜರು ಹೊರಗೆ. ‘ಹೆಳವನಕಟ್ಟೆ ರಂಗ’ನ ಗಿರಿಯಮ್ಮ, ‘ಭೀಮೇಶಕೃಷ್ಣ’ನ ಹರಪನಹಳ್ಳಿ ಭೀಮವ್ವ ಇಬ್ಬರೂ ಹೊರಗೆ. ‘ವಿಟ್ಠಲ’ ಎಂದು ಠಕಾರಕ್ಕೆ ಒತ್ತು ಕೊಟ್ಟು ಬರೆದ ಪ್ರತಿಯೂ ಹೊರಗೆ. ನಿಯಮ ತಪ್ಪೆಂದಲ್ಲ, ಬಹುಪಾಲಿಗೆ ಸರಿಯಾದ ನಿಯಮವನ್ನು ಎಲ್ಲರಿಗೂ ಸರಿ ಎಂದುಕೊಂಡದ್ದು ತಪ್ಪು. ಬೇಲೂರಿನಿಂದ ಬಂಕಾಪುರದವರೆಗೆ ಯಾವ ಭಜನಾ ಮಂಡಳಿಯೂ ಕನಕನ ಪದವನ್ನು ಅಚ್ಚಿಗೆ ಹೊಂದಲಿಲ್ಲವೆಂದು ಬಿಟ್ಟಿಲ್ಲ.

ಅಂಕಿತ ಕೆಟ್ಟರೆ ಏನಾಗಬಹುದೆಂಬುದಕ್ಕೆ ವಚನ ಸಾಹಿತ್ಯದಲ್ಲಿ ಹತ್ತಿರದ ನಿದರ್ಶನವಿದೆ. ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಬಸವಣ್ಣನವರಿಗೆ ಕೂಡಲಸಂಗಮದೇವ. ಅಂಕಿತ ಉಳಿದು ಬರೆದವರ ಹೆಸರೇ ಅಳಿದುಹೋದ ವಚನಕಾರರೂ ಇದ್ದಾರೆ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ 15 ಸಂಪುಟಗಳಾಗಿ ಹೊರಬಂದ ಸಮಗ್ರ ವಚನ ಸಂಪುಟದಂಥ ಕೆಲಸಕ್ಕೆ ಅಂಕಿತವೇ ಮೊದಲ ಆಧಾರ. 1990ರ ದಶಕದಲ್ಲಿ ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದಾಗ ಎದ್ದ ವಿರೋಧಕ್ಕೆ ಇದೇ ಕಾರಣ. ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಸರ್ಕಾರದ ಆದೇಶವೇ ಉಳಿಯಿತು. ಪುಸ್ತಕವನ್ನು ಮುಟ್ಟುಗೋಲು ಹಾಕುವುದು ಸರಿಯೇ ಎಂಬುದು ಬೇರೆ ಚರ್ಚೆ. ಒಂದು ಪದದ ಗುರುತು ಎಷ್ಟು ಭಾರ ಹೊತ್ತಿರುತ್ತದೆ ಎಂಬುದಂತೂ ಆಗ ಎಲ್ಲರಿಗೂ ಅರಿವಾಯಿತು.

ದಾಸರ ಕಾಲದ ನಂತರ ಹೆಸರುಗಳು ಸರ್ಕಾರದ ಕಾಗದ ಹತ್ತಿದವು. ರಾಯಚೂರು ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ನಡುವೆ 1853ರಿಂದ 1860ರವರೆಗೆ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. ಕಂದಾಯದ ಕಾಗದಗಳು ಮೊದಲು ಫಾರ್ಸಿ, ಆಮೇಲೆ ಉರ್ದು. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕನ್ನಡದ ಣಕಾರ, ಳಕಾರಗಳಿಗೆ ಅಲ್ಲಿ ಬೇರೆ ಅಕ್ಷರವಿಲ್ಲ. ಇಂಗ್ಲಿಷಿನವರು ದೇವದುರ್ಗವನ್ನು ‘ದೇವಡ್ರುಗ್’ ಆಗಿಸಿದರು. ಒಂದೇ ಹೆಸರಿನ ಊರುಗಳು ಅಕ್ಕಪಕ್ಕ ಬಂದಾಗ ದೊಡ್ಡದಕ್ಕೆ ಬುದ್ರುಕ್, ಸಣ್ಣದಕ್ಕೆ ಖುರ್ದ್ ಎಂದು ಬಾಲ ಸೇರಿಸುವ ಪದ್ಧತಿಯೂ ಫಾರ್ಸಿ ಕಾಗದದ ಬಳುವಳಿಯೇ. ಇಂದಿಗೂ ಉತ್ತರ ಕರ್ನಾಟಕದ ಬೋರ್ಡುಗಳ ಮೇಲೆ ಬಿ.ಕೆ., ಕೆ.ಎಚ್. ಎಂಬ ಅಕ್ಷರಗಳು ಕಾಣುತ್ತವೆ. 1948ರಲ್ಲಿ ಸಂಸ್ಥಾನ ಮುಗಿದು, 1956ರ ನವೆಂಬರ್ 1ರಂದು ಜಿಲ್ಲೆ ಕನ್ನಡನಾಡಿಗೆ ಸೇರಿದ ಮೇಲೆ ಅದೇ ಹೆಸರುಗಳು ಕನ್ನಡಕ್ಕೆ ಮರಳಿದವು. ಮರಳುವಾಗ ಹೊರಟ ಹಾಗೆಯೇ ಇರಲಿಲ್ಲ.

ಕನ್ನಡಿಗರ ಹೆಸರಿಗೆ ಒಂದೇ ಅಚ್ಚು ಇದ್ದಿದ್ದರೆ ಇಷ್ಟೆಲ್ಲ ತೊಂದರೆ ಇರುತ್ತಿರಲಿಲ್ಲ. ಇಲ್ಲಿ ಸೀಮೆಗೊಂದು ಅಚ್ಚು. ಹಳೆ ಮೈಸೂರಿನಲ್ಲಿ ಊರು, ತಂದೆ, ಆಮೇಲೆ ತನ್ನ ಹೆಸರು: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಧಾರವಾಡದ ಕಡೆ ತನ್ನ ಹೆಸರು, ತಂದೆ, ಕೊನೆಗೆ ಅಡ್ಡಹೆಸರು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ರಾಯಚೂರು ಸೀಮೆಯಲ್ಲಿ ತನ್ನ ಹೆಸರಿನ ಬೆನ್ನಿಗೆ ಊರು: ಶಾಂತರಸ ಹೆಂಬೆರಾಳು, ಜಂಬಣ್ಣ ಅಮರಚಿಂತ, ಚೆನ್ನಬಸವಪ್ಪ ಬೆಟ್ಟದೂರು. ಈ ಲೆಕ್ಕದಲ್ಲಿ ‘ಕೊನೆಯ ಹೆಸರು ಮನೆತನದ್ದು’ ಎಂಬ ನಿಯಮ ಪುಟ್ಟಪ್ಪನವರ ಮನೆತನವನ್ನೇ ಪುಟ್ಟಪ್ಪ ಮಾಡಿಬಿಡುತ್ತದೆ. ದಾಖಲೆಯ ಭಾಷೆಯೂ ಬೇರೆ ಬೇರೆ. ಮೈಸೂರು ಕಡೆಯ ಪಹಣಿಯಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ರಾಯಚೂರು ಕಡೆ ಅದೇ ಜಾಗದಲ್ಲಿ ‘ತಂದೆ’, ‘ಗಂಡ’ ಎಂದಿರುತ್ತದೆ. ‘ತಂದೆ’ ಎಂಬ ಪದ ಕಂಡಲ್ಲಿ ಹೆಸರನ್ನು ಎರಡಾಗಿ ಒಡೆ ಎಂದು ಯಂತ್ರಕ್ಕೆ ಹೇಳುವುದು ಸುಲಭ. ಹಾಗೆ ಹೇಳಿದರೆ ಮೊಸರಕಲ್ಲಿನ ತಂದೆಗೋಪಾಲ ವಿಠಲರು ತಲೆಯಿಲ್ಲದವರಾಗುತ್ತಾರೆ.

ಚೌಕ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲೆರಿತ್ ರಂಧ್ರ ಕೊರೆದ ಕಾರ್ಡುಗಳನ್ನು ಬಳಸಿದರು. 1928ರಲ್ಲಿ ಐಬಿಎಂ ಕಂಪನಿಯ ಕಾರ್ಡಿಗೆ 80 ಅಂಕಣಗಳು ನಿಗದಿಯಾದವು. ಈ 80ರಲ್ಲಿಯೇ ಹೆಸರು, ವಯಸ್ಸು, ಸಂಬಳ ಎಲ್ಲವೂ ಅಡಗಬೇಕು. ಹೆಸರಿಗೆ ಸಿಗುತ್ತಿದ್ದ ಪಾಲು ಅಷ್ಟಕ್ಕಷ್ಟೇ. ಕಾರ್ಡು ಹೋದರೂ ಆ ಅಭ್ಯಾಸ ಹೋಗಲಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ನಿಯಮದಂತೆ ಪಾಸ್‌ಪೋರ್ಟ್ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ತಲಾ 44 ಜಾಗ. ಮೊದಲ ಸಾಲಿನಲ್ಲಿ ಹೆಸರಿಗೆ 39. ಅಲ್ಲಿಗೆ ಪ್ರವೇಶ ಇಂಗ್ಲಿಷಿನ 26 ದೊಡ್ಡ ಅಕ್ಷರಗಳಿಗೆ ಮತ್ತು ಖಾಲಿ ತುಂಬುವ ಒಂದು ಚಿಹ್ನೆಗೆ ಮಾತ್ರ. ಭಾರತದ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿಗೊಂದು, ಕೊಟ್ಟ ಹೆಸರಿಗೊಂದು ಎಂದು ಎರಡು ಚೌಕ. ತಂದೆಯ ಹೆಸರನ್ನು ಒಂದಕ್ಷರದಲ್ಲಿ ಹೊತ್ತು ಬಾಳಿದ ದಕ್ಷಿಣದವರು ಆ ಒಂದಕ್ಷರವನ್ನು ಬಿಡಿಸಿ ಬರೆಯಬೇಕಾಯಿತು. ಅಡ್ಡಹೆಸರಿನ ಚೌಕ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ‘ಮೊದಲ ಹೆಸರು ತಿಳಿದಿಲ್ಲ’ ಎಂಬರ್ಥದ ಎಫ್.ಎನ್.ಯು. ಎಂಬ ಮೂರಕ್ಷರ ಬಂದು ಕೂತಿತು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಬಸವಣ್ಣನವರಿಗೂ ಪ್ರವೇಶ ಸಿಗುತ್ತಿರಲಿಲ್ಲ.

ಚೌಕದೊಳಗಿನ ಅಕ್ಷರಗಳನ್ನು ತಾಳೆ ನೋಡುವ ಉಪಾಯದ ಚರಿತ್ರೆ ಬೇರೆ. ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ 1951ರ ಸುಮಾರಿಗೆ ಅಕ್ಷರಗಳ ಸರಣಿಯನ್ನು ಸೂತ್ರವಾಗಿ ಬರೆಯುವ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂಬ ಪದ್ಧತಿ ರೂಪಿಸಿದರು. ಅದನ್ನು ಕಂಪ್ಯೂಟರಿನಲ್ಲಿ ಹುಡುಕಾಟಕ್ಕೆ ಒಗ್ಗಿಸಿ 1968ರಲ್ಲಿ ಪ್ರಕಟಿಸಿದವರು ಕೆನ್ ಥಾಂಪ್ಸನ್. ‘ಮೊದಲು ಒಂದಾದರೂ ಅಕ್ಷರ, ಆಮೇಲೆ ತೆರಪು, ಕೊನೆಗೆ ವಿಠಲ’ ಎಂಬಂಥ ಅಚ್ಚನ್ನು ಹತ್ತಾರು ಚಿಹ್ನೆಗಳಲ್ಲಿ ಅಡಕವಾಗಿ ಬರೆಯಬಹುದು. ಸೂತ್ರದ ಅಡಕತನಕ್ಕೆ ಪಾಣಿನಿಯ ನಾಡಿನವರು ಬೆರಗಾಗಬೇಕಿಲ್ಲ. 1967ರಲ್ಲಿಯೇ ಪೀಟರ್ ಇಂಗರ್‌ಮನ್ ಎಂಬವರು ಕಂಪ್ಯೂಟರ್ ಭಾಷೆಗಳ ವ್ಯಾಕರಣ ಬರೆಯುವ ಒಂದು ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸಲಹೆ ಮಾಡಿದ್ದರು.

ತೊಂದರೆ ಬಂದದ್ದು ‘ಅಕ್ಷರ’ ಎಂದರೇನು ಎಂಬಲ್ಲಿ. ಅಂತರ್ಜಾಲದ ಪುಟಗಳಲ್ಲಿ ಹೆಚ್ಚು ಬಳಕೆಯ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅಕ್ಷರಕ್ಕಿದ್ದ ಹಳೆಯ ಸಂಕೇತ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಯನ್ನಷ್ಟೇ ಒಪ್ಪುತ್ತಿತ್ತು. ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಜಾಗ ಸಿಕ್ಕಿದ್ದರೂ, ಎಲ್ಲ ಲಿಪಿಗಳ ಅಕ್ಷರವನ್ನು ಗುರುತಿಸುವ ಸಂಕೇತ ಆ ಭಾಷೆಗೆ ಸೇರಿದ್ದು 2018ರಲ್ಲಿ. ಆಗಲೂ ಒಂದು ಸೂಕ್ಷ್ಮ ಉಳಿಯಿತು. ಕನ್ನಡ ಓದುವವನ ಕಣ್ಣಿಗೆ ‘ಗೂಗಲ್’ ಮೂರಕ್ಷರ. ಯಂತ್ರದ ಲೆಕ್ಕದಲ್ಲಿ ಐದು: ಗ, ಅದರ ದೀರ್ಘ ಕೊಂಬು, ಗ, ಲ, ಕೊನೆಯ ಅರ್ಧಾಕ್ಷರದ ಚಿಹ್ನೆ. ಶೇಖರಣೆಯಲ್ಲಿ ಒಂದೊಂದಕ್ಕೆ ಮೂರರಂತೆ ಹದಿನೈದು ಬೈಟು. ಐದರಲ್ಲಿ ಮೂರು ಮಾತ್ರ ಯುನಿಕೋಡಿನ ಪ್ರಕಾರ ಅಕ್ಷರಗಳು. ಕೊಂಬು ಮತ್ತು ಅರ್ಧಚಿಹ್ನೆ ‘ಗುರುತು’ಗಳ ವರ್ಗಕ್ಕೆ ಸೇರಿದವು. ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂದು ಸದುದ್ದೇಶದಿಂದಲೇ ಬರೆದ ನಿಯಮ ಗೂಗಲ್ಲನ್ನು ತಿರಸ್ಕರಿಸುತ್ತದೆ. ಅಕ್ಷರವಲ್ಲದ್ದನ್ನು ತೆಗೆದುಹಾಕುವ ನಿಯಮವಾದರೆ ಊರು ‘ಗಗಲ’ವಾಗುತ್ತದೆ. ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಕಾಣದ್ದು ಬೇಡವೆಂದು ಕಿತ್ತರೆ ‘ರಾಜ್ಕುಮಾರ್’. ಕನ್ನಡ ಕಣ್ಮಣಿಯ ಹೆಸರನ್ನು ಹೀಗೆ ಓದುವ ಪಾಡು!

ಇಂಥ ಅನುಭವಗಳು ಜಗತ್ತಿನ ಎಲ್ಲೆಡೆಯವು. ಜಪಾನಿನಲ್ಲಿ ನೆಲೆಸಿದ್ದ ಪ್ರೋಗ್ರಾಮರ್ ಪ್ಯಾಟ್ರಿಕ್ ಮೆಕೆಂಜಿ 2010ರಲ್ಲಿ ಹೆಸರುಗಳ ಬಗ್ಗೆ ತಮ್ಮ ವೃತ್ತಿಯವರಿಗಿರುವ 40 ತಪ್ಪು ನಂಬಿಕೆಗಳನ್ನು ಪಟ್ಟಿ ಮಾಡಿದರು. ಅದರ ನಂತರ ಒಂದು ಒಳ್ಳೆಯ ಬೆಳವಣಿಗೆಯಾಯಿತು. ಅಚ್ಚನ್ನು ತಂತ್ರಾಂಶ ಬರೆಯುವವರೇ ಬಿಗಿಯುವ ಬದಲು, ಬಳಸುವ ಕಚೇರಿಯೇ ಹಾಕಿಕೊಳ್ಳಲಿ ಎಂಬ ಪದ್ಧತಿ ಹೆಚ್ಚು ಹೆಚ್ಚು ಬಳಕೆಗೆ ಬಂತು. ಅಧಿಕಾರಿ ‘ಹೋಬಳಿ, ಗ್ರಾಮ, ಸರ್ವೆ ನಂಬರು’ ಎಂದು ಅಚ್ಚು ಬರೆದರೆ ಕಡತಗಳಿಗೆಲ್ಲ ಹಾಗೆಯೇ ಹೆಸರು ಬೀಳುತ್ತದೆ. ಈಗ ತಾಳೆ ನೋಡಬೇಕಾದದ್ದು ಎರಡು: ಹೆಸರು ಅಚ್ಚಿಗೆ ಹೊಂದುತ್ತದೆಯೇ ಎಂಬುದು ಒಂದು, ಅಚ್ಚೇ ಸರಿಯಿದೆಯೇ ಎಂಬುದು ಇನ್ನೊಂದು. ಎರಡನೆಯದು ಹೆಚ್ಚಿನ ತಂತ್ರಾಂಶಗಳಲ್ಲಿ ಬಡಪಾಯಿಯಾಗಿಯೇ ಉಳಿದಿದೆ.

ಮೇಲಿನ ಅಚ್ಚನ್ನೇ ತೆಗೆದುಕೊಳ್ಳಿ. ನೋಡಲು ಲಕ್ಷಣವಾಗಿದೆ. ವರ್ಷವನ್ನು ಸೇರಿಸದ ಕಾರಣ ಬರುವ ವರ್ಷದ ಕಡತ ಈ ವರ್ಷದ ಕಡತದ ಮೇಲೆಯೇ ಕೂರುತ್ತದೆ. ಸರ್ವೆ ನಂಬರು 45/2 ಎಂದಿದ್ದರೆ ನಡುವಿನ ಓರೆಗೆರೆಯನ್ನು ಕಂಪ್ಯೂಟರು ಹೆಸರಿನ ಭಾಗವೆನ್ನುವುದಿಲ್ಲ. 45 ಎಂಬ ಪೆಟ್ಟಿಗೆಯೊಳಗಿನ 2 ಎಂಬ ಕಡತ ಎನ್ನುತ್ತದೆ. ಹಿಸ್ಸಾ ಇಲ್ಲದ ಜಮೀನಿಗೆ ಏನು ಬರೆಯಬೇಕು? ಕರ್ನಾಟಕದ ಭೂಮಿ ಯೋಜನೆ ಇದಕ್ಕೊಂದು ದಾರಿ ಕಂಡುಕೊಂಡಿತ್ತು. 2000ದ ಆಸುಪಾಸಿನಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಆ ಯೋಜನೆಯ ಪಹಣಿಯಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾದ ನಡುವಿನ ಸರ್ನಾಕ್ ಎಂಬ ಚೌಕ ಖಾಲಿಯಿದ್ದರೆ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ. ‘ಇಲ್ಲಿ ಏನೂ ಇಲ್ಲ, ಮರೆತದ್ದಲ್ಲ’ ಎಂದು ಹೇಳುವ ಚಿಹ್ನೆ. ಎಫ್.ಎನ್.ಯು. ಗಿಂತ ಸಾವಿರ ಪಾಲು ಮರ್ಯಾದೆಯದು.

ಒಳ್ಳೆಯ ತಂತ್ರಾಂಶ ಇಂಥ ಲೋಪಗಳನ್ನು ಅಚ್ಚು ಬರೆಯುವ ಹೊತ್ತಿನಲ್ಲಿಯೇ ತೋರಿಸುತ್ತದೆ. ಮೂರು ವರ್ಷದ ಮೇಲೆ ಕಡತ ಕಳೆದಾಗ ಅಲ್ಲ. ಕಚೇರಿಯಲ್ಲಿ ಈಗಾಗಲೇ ಇರುವ ನಿಜವಾದ ನಾಲ್ಕಾರು ಹೆಸರುಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು, ‘ಇವೆರಡು ಒಂದೇ ಆಗುತ್ತವೆ’ ಎಂದು ಅಲ್ಲಿಯೇ ತಿಳಿಸುತ್ತದೆ. ಬರೀ ಅಮಾನ್ಯ ಎನ್ನುವುದಿಲ್ಲ. ಯಾವ ಭಾಗ, ಏಕೆ ಎನ್ನುತ್ತದೆ. ಬರೆದದ್ದನ್ನು ಅಳಿಸಿ ಮೊದಲಿನಿಂದ ಬರೆಸುವುದಿಲ್ಲ. ಇದು ಬರೀ ಸೌಜನ್ಯದ ಮಾತಲ್ಲ. ತಪ್ಪು ಅಚ್ಚು ಯಂತ್ರವನ್ನೇ ಮಲಗಿಸಬಲ್ಲದು. 2016ರ ಜುಲೈ 20ರಂದು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ನಿಂತುಹೋಯಿತು. ಸಾಲಿನ ತುದಿಯ ತೆರಪುಗಳನ್ನು ಗುರುತಿಸುವ ಪುಟ್ಟ ಸೂತ್ರವೊಂದು, ಸುಮಾರು 20,000 ತೆರಪುಗಳಿದ್ದ ಬರಹಕ್ಕೆ ಸಿಕ್ಕಿ ಲೆಕ್ಕ ಮುಗಿಸಲಾರದೆ ಹೋಗಿತ್ತು. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಕಂಪನಿಯ ಒಂದು ಸೂತ್ರ ಅದೇ ರೀತಿ ಅಡ್ಡಾದಿಡ್ಡಿಯಾಗಿ, ಅದನ್ನು ನೆಚ್ಚಿದ್ದ ತಾಣಗಳು ಅರ್ಧ ಗಂಟೆಯಷ್ಟು ಕಾಲ ಕಾಣೆಯಾದವು. ವೃತ್ತಿಯವರು ಬರೆದ ಅಚ್ಚಿನ ಗತಿ ಇದಾದರೆ, ಕಚೇರಿಯ ಗುಮಾಸ್ತರು ಬರೆಯಲಿರುವ ಅಚ್ಚನ್ನು ಮೊದಲೇ ಪರೀಕ್ಷಿಸಿಕೊಳ್ಳುವ ಹೊಣೆ ತಂತ್ರಾಂಶದ್ದು.

ಗೂಗಲ್ಲಿನಂಥ ಊರಿಗೆ ಇದೆಲ್ಲ ಮುಟ್ಟುವುದು ಪಹಣಿಯ ಮೂಲಕ. ಬಸಪ್ಪ ತಂದೆ ಹನುಮಂತ ಎಂಬೊಬ್ಬ ರೈತನಿದ್ದಾನೆ ಎಂದಿಟ್ಟುಕೊಳ್ಳಿ. ಪಹಣಿಯಲ್ಲಿ ಆತ ಬಸಪ್ಪ, ಶಾಲೆಯ ದಾಖಲೆಯಲ್ಲಿ ಬಸವರಾಜ, ಬ್ಯಾಂಕಿನ ಪುಸ್ತಕದಲ್ಲಿ ಇಂಗ್ಲಿಷಿನ ಒಂದು ಕಾಗುಣಿತ, ಮತದಾರರ ಪಟ್ಟಿಯಲ್ಲಿ ಇನ್ನೊಂದು, ಕೇರಿಯಲ್ಲಿ ಬಸಣ್ಣ. ಊರಿನವರಿಗೆ ಐವರೂ ಒಬ್ಬನೇ. 2018ರ ಡಿಸೆಂಬರಿನಿಂದ ಲೆಕ್ಕಕ್ಕೆ ಬಂದ ಪಿಎಂ ಕಿಸಾನ್ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತದೆ. ಆಧಾರ್‌ನ ಹೆಸರು ತಾಳೆಯಾಗದಿದ್ದರೆ ಕಂತು ನಿಲ್ಲುತ್ತದೆ. ಆಧಾರ್‌ನಲ್ಲಿ ಹೆಸರಿಗೆ ಒಂದೇ ಚೌಕವಿದೆ, ಮೊದಲ ಹೆಸರು, ಕೊನೆಯ ಹೆಸರು ಎಂಬ ವಿಂಗಡಣೆಯಿಲ್ಲ. ಈ ಚೌಕಗಳ ಪ್ರಮಾಣ ಹೇಗಿರಬೇಕೆಂದು 2009ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಎನ್. ವಿಠಲ್, ಅಂಕಿತದ ಸೀಮೆಯವರು ಇದನ್ನು ಶುಭಶಕುನವೆಂದು ಭಾವಿಸಿದರೆ ತಪ್ಪಿಲ್ಲ. ಆದರೆ ಒಂದು ಚೌಕದ ಆಧಾರ್ ಹೆಸರನ್ನು, ಊರು, ತಂದೆ, ಗಂಡ ಎಲ್ಲ ಸೇರಿದ ಪಹಣಿಯ ಹೆಸರಿನೊಂದಿಗೆ ಹೊಂದಿಸುವಾಗ ಅಕ್ಷರಕ್ಕೆ ಅಕ್ಷರ ಇಟ್ಟು ನೋಡಿದರೆ ಆಗುವುದಿಲ್ಲ. ಬಸಪ್ಪ, ಬಸವಪ್ಪ ಒಂದೇ ಇರಬಹುದು ಎಂದು ಅನುಮಾನಿಸಿ, ತಿರಸ್ಕರಿಸದೆ, ಯಾರಾದರೂ ನೋಡಲಿ ಎಂದು ಬದಿಗಿಡುವ ತಂತ್ರಾಂಶ ಬೇಕು.

ನೋಡುವವರು ಯಾರು? 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು ಕಂದಾಯ ಇಲಾಖೆ ರಾಜ್ಯದಾದ್ಯಂತ ಕೈಗೊಂಡಾಗ ಅದು ಬಿದ್ದದ್ದು ಗ್ರಾಮ ಆಡಳಿತ ಅಧಿಕಾರಿಗಳ ಹೆಗಲಿಗೆ. ರೈತರನ್ನು ಕಂಡು, ಆಧಾರ್ ಚೀಟಿ ನೋಡಿ, ಪಹಣಿಯಲ್ಲಿರುವ ಹನುಮಂತ ತೀರಿಕೊಂಡು ಎಷ್ಟು ವರ್ಷವಾಯಿತು, ಈತ ಅವನ ಮಗನೇ ಎಂದು ಕೇಳಿ ಒಂದೊಂದಾಗಿ ಗುರುತು ಹಾಕಬೇಕಿತ್ತು. ಯಂತ್ರ ಕೊಟ್ಟ ಪಟ್ಟಿ ಕೈಯಲ್ಲಿತ್ತು. ಬಸಣ್ಣನ ಮನೆ ಯಾವುದೆಂದು ತೋರಿಸಲು ಮಾತ್ರ ಊರಿನವರೇ ಮುಂದೆ ನಡೆಯಬೇಕಾಯಿತು.